ಪದ್ಮಿನಿಗೆ ಮಾರುತಿ ಬ್ರೇಕ್ ಹಾಕಬಹುದಾ, ಅಕ್ಕ?

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಬ್ರೇಕಿನವೇ. ಮಳೆಗಾಲ ಹತ್ತಿರ ಬಂತಲ್ಲ, ಎಲ್ಲರಿಗೂ ಘಾಟಿ ನೆನಪಾಗಿದೆ. ಹಾಗಾಗಿ ಬ್ಯಾಟರಿ, ಮೈಲೇಜಿನ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಎತ್ತಿಟ್ಟಿದ್ದೇನೆ, ಬೇಜಾರು ಮಾಡಿಕೊಳ್ಳಬೇಡಿ. ಹೊಸ ಓದುಗರಿಗೆ ನನ್ನ ಪರಿಚಯ ಇಷ್ಟೇ: ಅಪ್ಪ ಎಸ್ಟೇಟ್ ಜೀಪುಗಳ ಮೆಕ್ಯಾನಿಕ್ ಆಗಿದ್ದರು. ಆಮೇಲೆ ಚಿಕ್ಕಮಗಳೂರಿನಲ್ಲಿ ಸ್ವಂತ ಗ್ಯಾರೇಜ್ ಹಾಕಿದರು. ಅದನ್ನೇ ನಾನು ನಡೆಸಿಕೊಂಡು ಬಂದಿದ್ದೇನೆ. ಹೊಸ ಗಿರಾಕಿಗಳು ಈಗಲೂ ನನ್ನನ್ನೇ "ಮೆಕ್ಯಾನಿಕ್ ಇಲ್ವಾ ಮೇಡಂ?" ಅಂತ ಕೇಳುತ್ತಾರೆ. ಇದ್ದಾರೆ ಅಂತ ಹೇಳಿ ಸ್ಪ್ಯಾನರ್ ಎತ್ತಿಕೊಳ್ಳುತ್ತೇನೆ.

ಪ್ರಶ್ನೆ: ಅಕ್ಕ, ನಮ್ಮದು 1984ರ ಪ್ರೀಮಿಯರ್ ಪದ್ಮಿನಿ, ತಾತ ಓಡಿಸುತ್ತಿದ್ದದ್ದು. ಊರೊಳಗೆ ಏನೂ ತೊಂದರೆ ಇಲ್ಲ. ಮುಳ್ಳಯ್ಯನಗಿರಿ ಕಡೆಯಿಂದ ನಾಲ್ಕು ಜನ ಕೂತು ಇಳಿಯುವಾಗ ಅರ್ಧ ದಾರಿಗೆ ಬ್ರೇಕ್ ಹಿಡಿಯುವುದೇ ಇಲ್ಲ. ಪೆಡಲ್ ಗಟ್ಟಿಯಾಗಿಯೇ ಇರುತ್ತದೆ, ಸುಟ್ಟ ವಾಸನೆ ಬರುತ್ತದೆ. ಗುಜರಿಯಲ್ಲಿ ಮಾರುತಿ 800ರ ಮುಂದಿನ ಡಿಸ್ಕ್, ಕ್ಯಾಲಿಪರ್ ಜೋಡಿ ಸಿಕ್ಕಿದೆ. ಹಾಕಿಸಿಬಿಡಲಾ?
— ಓದುಗರೊಬ್ಬರು, ಆಲ್ದೂರು

ಉತ್ತರ: ತಡೀರಿ, ದುಡ್ಡು ಕೊಡಬೇಡಿ.

ಪೆಡಲ್ ಗಟ್ಟಿ ಇದೆ, ಆದರೆ ಹಿಡಿಯುತ್ತಿಲ್ಲ ಅಂತ ಬರೆದಿದ್ದೀರಲ್ಲ, ಒಳ್ಳೆಯದಾಯಿತು. ಕಾಯಿಲೆ ಅದರಲ್ಲೇ ಗೊತ್ತಾಗುತ್ತದೆ. ಪೆಡಲ್ ಮೆತ್ತಗಾಗಿ ನೆಲಕ್ಕೆ ಹೋದರೆ ಬ್ರೇಕ್ ಆಯಿಲ್ ಕುದ್ದು ಆವಿಯಾಗಿದೆ ಅಂತ. ಗಟ್ಟಿ ಇದ್ದೂ ಹಿಡಿಯದಿದ್ದರೆ ಲೈನಿಂಗ್, ಅಂದರೆ ಉಜ್ಜಿ ಹಿಡಿಯುವ ಪದರ, ಕಾದು ಹಿಡಿತ ಬಿಟ್ಟಿದೆ ಅಂತ. ನಿಮ್ಮದು ಎರಡನೆಯದು.

ಅದು ಎಷ್ಟು ಕಾಯುತ್ತದೆ ಅಂತ ಒಂದು ಲೆಕ್ಕ ಹಾಕಿ ನೋಡಿ. ಪದ್ಮಿನಿಯದ್ದೇ ಸುಮಾರು 900 ಕೆ.ಜಿ. ತೂಕ. ನಾಲ್ಕು ಜನ, ಬುತ್ತಿ, ನೀರಿನ ಕ್ಯಾನು ಸೇರಿದರೆ 1,200 ಅಂತಿಟ್ಟುಕೊಳ್ಳಿ. ಗಿರಿಯಿಂದ ಊರಿಗೆ 700 ಮೀಟರ್ ಇಳಿದಿರಿ. ಅಷ್ಟು ಭಾರ ಅಷ್ಟು ಎತ್ತರದಿಂದ ಇಳಿಯುವಾಗ ಹುಟ್ಟುವ ಶಾಖದಲ್ಲಿ 25 ಲೀಟರ್ ತಣ್ಣೀರು ಕುದಿಸಬಹುದು. ನಮ್ಮ ಬಚ್ಚಲಿನ ಹಂಡೆಗೆ ಎರಡು ಕೊಡ ಹೊಯ್ದ ಹಾಗೆ. ಇದರಲ್ಲಿ ಒಂದಷ್ಟನ್ನು ಎಂಜಿನ್ ಮತ್ತು ಗಾಳಿ ತಿನ್ನುತ್ತವೆ. ನೀವು ನ್ಯೂಟ್ರಲ್ ಹಾಕಿಕೊಂಡು ಇಳಿದರೆ ಎಂಜಿನ್ ಏನೂ ತಿನ್ನುವುದಿಲ್ಲ, ಹೆಚ್ಚುಕಮ್ಮಿ ಪೂರ್ತಿ ಪದ್ಮಿನಿಯ ನಾಲ್ಕು ಬ್ರೇಕ್ ಡ್ರಮ್ಮಿಗೇ. ಪೆಟ್ರೋಲ್ ಉಳಿಸೋಕೆ ಹಾಗೆ ಮಾಡುತ್ತಿದ್ದೀರಾ ಅಂತ ನಾನು ಕೇಳುವುದಿಲ್ಲ, ನಿಮಗೇ ಗೊತ್ತಿರುತ್ತದೆ. ಹತ್ತುವಾಗ ಯಾವ ಗೇರ್ ಬೇಕಾಯಿತೋ ಇಳಿಯುವಾಗಲೂ ಅದೇ ಗೇರ್. ಸೆಕೆಂಡ್ ಅಂದರೆ ಸೆಕೆಂಡ್.

ಡ್ರಮ್ ಅಂದರೆ ಚಕ್ರದ ಜೊತೆ ತಿರುಗುವ ಡಬ್ಬಿ, ಒಳಗಿನಿಂದ ಶೂ ಒತ್ತಿ ಅದನ್ನು ಹಿಡಿಯುತ್ತದೆ. ಅದರ ತೊಂದರೆ ಏನೆಂದರೆ ಶಾಖ ಒಳಗೇ ಕೂತುಬಿಡುತ್ತದೆ. ಕಾದ ಡ್ರಮ್ ಹಿಗ್ಗುತ್ತದೆ, ಅಂದರೆ ಶೂನಿಂದ ದೂರ ಸರಿಯುತ್ತದೆ. ಡಿಸ್ಕ್ ಬರೀ ತಟ್ಟೆ, ಕ್ಯಾಲಿಪರ್ ಅನ್ನುವ ಇಕ್ಕಳ ಎರಡೂ ಕಡೆಯಿಂದ ಪ್ಯಾಡ್ ಒತ್ತಿ ಅದನ್ನು ಹಿಡಿಯುತ್ತದೆ. ಅದು ಗಾಳಿಗೆ ಒಡ್ಡಿಕೊಂಡು ನಿಂತಿರುತ್ತದೆ. ಕಾದರೂ ದಪ್ಪವಾಗಿ ಪ್ಯಾಡಿನ ಕಡೆಗೇ ಬರುತ್ತದೆ. ಹಾಗಾಗಿ ನಿಮ್ಮ ಆಸೆ ತಪ್ಪಲ್ಲ. ಆಯ್ಕೆ ತಪ್ಪು.

ಮಾರುತಿ 800 ಅನ್ನುವುದು ಸುಮಾರು 650 ಕೆ.ಜಿ. ಗಾಡಿ. ಅದರ ಚಕ್ರ 12 ಇಂಚು, ಆ ರಿಮ್ಮಿನೊಳಗೆ ಕೂರಬೇಕಾದ್ದರಿಂದ ಡಿಸ್ಕೂ ಚಿಕ್ಕದು. ಪದ್ಮಿನಿಯದು 14 ಇಂಚಿನ ಚಕ್ರ. ಡಿಸ್ಕ್ ಎಷ್ಟು ದೊಡ್ಡದೋ ಅಷ್ಟು ಹಿಡಿತ, ಉದ್ದ ಹಿಡಿಯ ಸ್ಪ್ಯಾನರ್ ಇದ್ದ ಹಾಗೆ. ಚಿಕ್ಕ ಗಾಡಿಯ ಚಿಕ್ಕ ಡಿಸ್ಕ್ ತಂದು ದೊಡ್ಡ ಗಾಡಿಗೆ ಹಾಕಿದರೆ ಡಿಸ್ಕ್ ಬಂತು ಅನ್ನುವ ಹೆಸರು ಮಾತ್ರ ಸಿಗುತ್ತದೆ. ಮಾರುತಿಯಿಂದಲೇ ತರಬೇಕು ಅಂದರೆ ಎಸ್ಟೀಮ್‌ನದು ನೋಡಿ. ಅದು 13 ಇಂಚಿನ ಚಕ್ರದ ಗಾಡಿ, ತೂಕದಲ್ಲೂ ಪದ್ಮಿನಿಗೆ ಹತ್ತಿರ.

ಇಲ್ಲಿಂದ ನಿಜವಾದ ಕೆಲಸ ಶುರು. ಎಸ್ಟೀಮ್‌ಗೆ ಮುಂದಿನ ಚಕ್ರಕ್ಕೇ ಡ್ರೈವ್, ಚಕ್ರ ಕೂರುವ ಅದರ ಹಬ್ ಬೇರೆ ಥರ. ನಿಮ್ಮದು ಸ್ಟಬ್ ಆಕ್ಸಲ್ (ಚಕ್ರ ಸುತ್ತುವ ಗಿಡ್ಡ ಅಚ್ಚು) ಮೇಲೆ ಬೇರಿಂಗ್ ಹಾಕಿದ ಹಬ್. ಹಾಗಾಗಿ ಡಿಸ್ಕಿನ ನಡುವಿನ ತೂತು, ಬೋಲ್ಟ್ ತೂತು ಎರಡನ್ನೂ ಲೇತಿನಲ್ಲಿ ನಿಮ್ಮ ಹಬ್ಬಿಗೆ ಹೊಂದಿಸಬೇಕು. ಕೂರಿಸಿದ ಮೇಲೆ ಓಲಾಟ ಅಳೆಯುವ ಡಯಲ್ ಗೇಜ್ ಇಟ್ಟು ತಿರುಗಿಸಿ. ಓಲಾಟ 0.1 ಮಿ.ಮೀ. ದಾಟಿದರೆ ಬ್ರೇಕ್ ಒತ್ತಿದಾಗಲೆಲ್ಲ ಪೆಡಲ್ ಕಾಲಿಗೆ ಬಡಿಯುತ್ತದೆ. ಕ್ಯಾಲಿಪರ್ ಹಿಡಿಯುವ ಬ್ರಾಕೆಟ್‌ಗೆ ದಪ್ಪ ಪ್ಲೇಟ್, 8.8 ಅಥವಾ 10.9 ಅಂತ ತಲೆಯ ಮೇಲೆ ಗಟ್ಟಿತನದ ಗುರುತು ಇರುವ ಬೋಲ್ಟ್ ಬೇಕು. ಸ್ಟಬ್ ಆಕ್ಸಲ್‌ಗೆ ವೆಲ್ಡಿಂಗ್ ಹೊಡೆಯೋಣ ಅಂದವನ ಅಂಗಡಿಯಿಂದ ಗಾಡಿ ವಾಪಸ್ ತಗೊಂಡು ಬನ್ನಿ.

ಕ್ಯಾಲಿಪರ್ ಕೂರಿಸಿದಾಗ ಏರ್ ತೆಗೆಯುವ ನಿಪ್ಪಲ್ ಮೇಲೆ ಬಂದಿದೆಯಾ ನೋಡಿ. ಎಡದ್ದು ಬಲಕ್ಕೆ ಹಾಕಿದರೆ ನಿಪ್ಪಲ್ ಕೆಳಗೆ ಬರುತ್ತದೆ. ಆಗ ಮೇಲಿನ ಗಾಳಿ ಯಾವ ಜನ್ಮಕ್ಕೂ ಹೊರಗೆ ಬರಲ್ಲ. ಎರಡು ಲೀಟರ್ ಆಯಿಲ್ ಸುರಿದು "ಏರ್ ಹೋಗ್ತಾನೇ ಇಲ್ಲ" ಅಂತ ಬಂದವರು ನನ್ನಲ್ಲಿಗೆ ಒಬ್ಬರಲ್ಲ, ಇಬ್ಬರಲ್ಲ.

ಇನ್ನು ಮಾಸ್ಟರ್ ಸಿಲಿಂಡರ್, ಅಂದರೆ ಪೆಡಲ್ ಒತ್ತಿದಾಗ ಆಯಿಲನ್ನು ಚಕ್ರಗಳ ಕಡೆ ತಳ್ಳುವ ಪಂಪು. ಇದರಲ್ಲಿ ನಾನೇ ಕೈ ಸುಟ್ಟುಕೊಂಡಿದ್ದೇನೆ. ಗ್ಯಾರೇಜ್ ನನ್ನ ಕೈಗೆ ಬಂದ ಹೊಸತು. ಮೇಷ್ಟ್ರೊಬ್ಬರ ಪದ್ಮಿನಿಗೆ ಡಿಸ್ಕ್ ಹಾಕಿದೆ, ಮಾಸ್ಟರ್ ಹಳೆಯದೇ ಚೆನ್ನಾಗಿದೆ ಅಂತ ಬಿಟ್ಟೆ. ಊರೊಳಗೆ ಓಡಿಸಿ ನೋಡಿದೆ, ಬೆಣ್ಣೆಯ ಹಾಗೆ ನಿಂತಿತು. ಅವರು ಗಿರಿ ಕಡೆ ಹೊರಟರು. ಕೈಮರ ಮುಟ್ಟುವಷ್ಟರಲ್ಲಿ ಹ್ಯಾಂಡ್‌ಬ್ರೇಕ್ ಹಾಕಿದ ಹಾಗೆ ಗಾಡಿ ಎಳೆಯೋಕೆ ಶುರು, ಮುಂದಿನ ಚಕ್ರದಲ್ಲಿ ಹೊಗೆ. ನಾನು ಹೋಗಿ ನೋಡಿದಾಗ ಡಿಸ್ಕ್ ನೀಲಿ ಬಣ್ಣಕ್ಕೆ ತಿರುಗಿತ್ತು. ನಿಪ್ಪಲ್ ಒಂದು ಸುತ್ತು ಬಿಚ್ಚಿದೆ. ಆಯಿಲ್ ಚಿಮ್ಮಿತು, ಚಕ್ರ ಬಿಟ್ಟುಕೊಂಡಿತು. ಅಂದರೆ ಪೆಡಲ್ ಬಿಟ್ಟ ಮೇಲೂ ಲೈನಿನಲ್ಲಿ ಒತ್ತಡ ಉಳಿದಿತ್ತು.

ಕಾರಣ ಆಮೇಲೆ ಅಪ್ಪ ಹೇಳಿದರು. ಡ್ರಮ್ ಬ್ರೇಕಿನ ಹಳೆಯ ಮಾಸ್ಟರ್ ಸಿಲಿಂಡರಿನೊಳಗೆ ಒಂದು ಚೆಕ್ ವಾಲ್ವ್ ಇರುತ್ತದೆ. ಅದು ಲೈನಿನಲ್ಲಿ ಸುಮಾರು 10 ಪಿಎಸ್‌ಐ ಒತ್ತಡ ಹಿಡಿದಿಡುತ್ತದೆ, ಚಕ್ರದಲ್ಲಿ ಶೂ ತಳ್ಳುವ ವೀಲ್ ಸಿಲಿಂಡರಿನ ರಬ್ಬರ್ ಸಡಿಲವಾಗದಿರಲಿ ಅಂತ. ಡ್ರಮ್ಮಿನಲ್ಲಿ ಶೂ ಹಿಂದೆ ಎಳೆಯಲು ಗಟ್ಟಿ ಸ್ಪ್ರಿಂಗ್ ಇದೆ, ತೊಂದರೆ ಇಲ್ಲ. ಡಿಸ್ಕಿನಲ್ಲಿ ಅಂಥ ಸ್ಪ್ರಿಂಗ್ ಇಲ್ಲವಲ್ಲ! ಪ್ಯಾಡ್ ಸವರಿಕೊಂಡೇ ಓಡುತ್ತದೆ. ಮೇಷ್ಟ್ರು ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಅಂತ ಈಗಲೂ ಅನ್ನಿಸುತ್ತದೆ.

ಆದ್ದರಿಂದ ಬೇರೆ ಗಾಡಿಯಿಂದ ತರುವುದಾದರೆ ಕ್ಯಾಲಿಪರ್ ಒಂದೇ ತರಬೇಡಿ. ಅದರ ಮಾಸ್ಟರ್, ಅದರ ಬೂಸ್ಟರ್ (ಕಾಲಿನ ಬಲ ಹೆಚ್ಚಿಸಿಕೊಡುವ ಭಾಗ), ಅದರ ಆಯಿಲ್ ಡಬ್ಬಿ, ಹೀಗೆ ಇಡೀ ಸಂಸಾರ ತನ್ನಿ. ಡ್ರಮ್ಮಿನಲ್ಲಿ ಚಕ್ರ ತಿರುಗುವ ರಭಸವೇ ಶೂವನ್ನು ಒಳಗೆ ಎಳೆದುಕೊಳ್ಳುತ್ತದೆ, ಕಾಲಿಗೆ ಪುಕ್ಕಟೆ ಸಹಾಯ. ಡಿಸ್ಕಿಗೆ ಆ ಸಹಾಯ ಇಲ್ಲ, ಅದಕ್ಕೇ ಬೂಸ್ಟರ್ ಬೇಕು. ಮಾಸ್ಟರಿನ ಅಳತೆ ಸಾಮಾನ್ಯವಾಗಿ ಮೈಮೇಲೇ ಅಚ್ಚಾಗಿರುತ್ತದೆ. ಮುಕ್ಕಾಲು ಇಂಚಿನದರ ಬದಲು 7/8 ಇಂಚಿನದು ಹಾಕಿದಿರಿ ಅನ್ನಿ, ಪೆಡಲ್ ಕಡಿಮೆ ಇಳಿಯುತ್ತದೆ, ಜೋರಾಗಿದೆ ಅನ್ನಿಸುತ್ತದೆ. ಆದರೆ ಕಾಲಿನ ಅದೇ ಬಲಕ್ಕೆ ಒತ್ತಡ ಕಾಲು ಭಾಗಕ್ಕಿಂತ ಜಾಸ್ತಿ ಕಡಿಮೆಯಾಗಿರುತ್ತದೆ. ಗಟ್ಟಿ ಪೆಡಲೇ ಒಳ್ಳೆ ಬ್ರೇಕ್ ಅಂತ ನಂಬಿದವರು ಇಲ್ಲೇ ಮೋಸ ಹೋಗುವುದು.

ಇಷ್ಟೆಲ್ಲ ಹೇಳಿದ ಮೇಲೆ ನನ್ನ ಮನಸ್ಸಿನ ಮಾತು. ಡಿಸ್ಕಿಗಿಂತ ಮೊದಲು ನಿಮ್ಮ ಗಾಡಿಗೆ ಬೇಕಾದದ್ದು ಎರಡು ಲೈನಿನ ಮಾಸ್ಟರ್ ಸಿಲಿಂಡರ್. ಈಗ ನಾಲ್ಕು ಚಕ್ರಕ್ಕೂ ಒಂದೇ ಲೈನ್. ಎಲ್ಲಾದರೂ ಒಂದು ಹೋಸ್ ಒಡೆದರೆ ನಾಲ್ಕೂ ಹೋಯಿತು. ಮುಂದಕ್ಕೊಂದು ಹಿಂದಕ್ಕೊಂದು ಲೈನ್ ಮಾಡಿಸಿ. ಮಾರುತಿಯಂಥ ಗಾಡಿಗಳಲ್ಲಿ ಲೈನನ್ನು ಅಡ್ಡಡ್ಡ, ಮೂಲೆಯಿಂದ ಮೂಲೆಗೆ ಹಾಕಿರುತ್ತಾರೆ, ಅದನ್ನು ಹಾಗೇ ನಕಲು ಮಾಡಬೇಡಿ. ಜೊತೆಗೆ ಡ್ರಮ್ಮುಗಳ ಟರ್ನಿಂಗ್ (ಲೇತಿನಲ್ಲಿ ಒಳಮೈ ಸಮ ಮಾಡಿಸುವುದು), ಹೊಸ ಲೈನಿಂಗ್, ಮೂರು ರಬ್ಬರ್ ಹೋಸ್. ಹಳೆಯ ಹೋಸ್ ಹೊರಗೆ ಚೆನ್ನಾಗಿ ಕಂಡರೂ ಒಳಗೆ ಊದಿಕೊಂಡಿರುತ್ತದೆ. ಇಷ್ಟು ಮಾಡಿಸಿ, ಸೆಕೆಂಡ್ ಗೇರಿನಲ್ಲಿ ಒಂದು ಸಲ ಗಿರಿ ಇಳಿದು ನೋಡಿ. ಆಗಲೂ ವಾಸನೆ ಬಂದರೆ ಡಿಸ್ಕ್ ಮಾತಾಡೋಣ.

ಪ್ರಶ್ನೆ: ನಮ್ಮ ಮನೆಯಲ್ಲಿ 1950ರ ದಶಕದ ಮೋರಿಸ್ ಮೈನರ್ ಇದೆ. ವಿದೇಶದಲ್ಲಿ ಇದಕ್ಕೆ ಬೇರೆ ಕಾರಿನ ಡಿಸ್ಕ್ ಹಾಕುತ್ತಾರಂತೆ, ನಿಜವಾ?
— ಓದುಗರೊಬ್ಬರು, ಬಾಳೆಹೊನ್ನೂರು

ಉತ್ತರ: ನಿಜ. ಬೇರೆ ಮಾಡೆಲ್ಲಿನ ಭಾಗ ಹಾಕುವುದು ನಮ್ಮ ಗುಜರಿ ಬುದ್ಧಿ ಮಾತ್ರ ಅಂದುಕೊಳ್ಳಬೇಡಿ. ಬ್ರಿಟನ್ನಿನಲ್ಲಿ ಮೈನರ್ ಸಾಕಿದವರು 1971ರಲ್ಲಿ ಬಂದ ಮೋರಿಸ್ ಮರೀನಾದ ಮುಂದಿನ ಡಿಸ್ಕನ್ನು ಹಾಕಿಕೊಳ್ಳುತ್ತಾರೆ. ಮರೀನಾದ ಮುಂದಿನ ಸಸ್ಪೆನ್ಷನ್ ಮೈನರ್‌ನದರಿಂದಲೇ ಬಂದದ್ದು, ಅದಕ್ಕೇ ಹೊಂದುತ್ತದೆ. ಅದಕ್ಕೂ ಹಿಂದಿನ ಉಪಾಯ ವೋಲ್ಸ್‌ಲಿ 1500, ರೈಲಿ 1.5 ಕಾರುಗಳ ದೊಡ್ಡ ಡ್ರಮ್ ಹಾಕುವುದು. ಅವೂ ಮೈನರ್‌ನ ತಳದ ಮೇಲೇ ಕಟ್ಟಿದ ಕಾರುಗಳು. ನೋಡಿ, ಎಲ್ಲ ನೆಂಟರ ಮನೆಯಿಂದಲೇ ತಂದದ್ದು.

ಮರೀನಾ ಭಾಗ ಇಲ್ಲಿ ಹುಡುಕುತ್ತಾ ಕೂರಬೇಡಿ. ನಿಮ್ಮದು 1950ರ ದಶಕದ್ದಾದರೆ ಮುಂದಿನ ಡ್ರಮ್ 7 ಇಂಚು ಇರಬೇಕು. 1962ರಲ್ಲಿ 1098 ಸಿ.ಸಿ. ಎಂಜಿನ್ ಬಂದಾಗ ಕಂಪನಿಯೇ ಅದನ್ನು 8 ಇಂಚು ಮಾಡಿತು. ಹಳೆಯ ಮೈನರ್ ಬಿಚ್ಚಿ ಮಾರುವವರು ಸಿಕ್ಕರೆ ಆ 8 ಇಂಚಿನ ಸೆಟ್ ತಗೊಳ್ಳಿ. ನೋಡಲು ಏನೂ ಬದಲಾಗುವುದಿಲ್ಲ, ಹಿಡಿತ ಮಾತ್ರ ಬೇರೆ.

ಒಂದು ವೇಳೆ ಎಂದಾದರೂ ಡಿಸ್ಕಿಗೇ ಹೋದರೆ ಇದನ್ನು ನೆನಪಿಡಿ. ಮೈನರ್‌ನ ಮಾಸ್ಟರ್ ಸಿಲಿಂಡರ್ ಡ್ರೈವರ್ ಕಾಲ ಕೆಳಗೆ, ನೆಲದಡಿ ಇದೆ. ಕ್ಯಾಲಿಪರ್ ಅದಕ್ಕಿಂತ ಮೇಲೆ ಬಂದರೆ ನಿಂತಾಗ ಆಯಿಲ್ ನಿಧಾನಕ್ಕೆ ಹಿಂದೆ ಜಾರುತ್ತದೆ, ಬೆಳಗ್ಗೆ ಮೊದಲ ಪೆಡಲ್ ಖಾಲಿ. ಅದಕ್ಕೆ 2 ಪಿಎಸ್‌ಐನ ಸಣ್ಣ ವಾಲ್ವ್ ಬೇಕು. ಹೌದು, ಮೇಲೆ ಆ ವಾಲ್ವ್ ಬೇಡ ಅಂದವಳು ನಾನೇ. ಅದು 10, ಇದು 2.

ಪ್ರಶ್ನೆ: ತೋಟದ ಲೋ ಬಾನೆಟ್ ವಿಲ್ಲೀಸ್ ಜೀಪಿಗೆ ಈಚಿನ ಮಹೀಂದ್ರ ಜೀಪಿನ ಬ್ರೇಕ್ ಕೂರುತ್ತದಾ?
— ಓದುಗರೊಬ್ಬರು, ಕೊಟ್ಟಿಗೆಹಾರ

ಉತ್ತರ: ಕೂರುತ್ತದೆ, ಹಾಕಿಸಿ. ನಿಮ್ಮದು 9 ಇಂಚಿನ ಡ್ರಮ್. ಎಂಎಂ 540 ಥರದ ಈಚಿನ ಜೀಪಿನದು 11 ಇಂಚು. ಅಪ್ಪ ಎಷ್ಟು ಎಸ್ಟೇಟ್ ಜೀಪಿಗೆ ಇದನ್ನು ಮಾಡಿದ್ದಾರೋ ಲೆಕ್ಕ ಇಟ್ಟಿಲ್ಲ. ಡ್ರಮ್ ಮಾತ್ರ ಅಲ್ಲ, ಬ್ಯಾಕ್ ಪ್ಲೇಟ್, ಶೂ, ವೀಲ್ ಸಿಲಿಂಡರ್ ಎಲ್ಲ ಒಂದೇ ಜೀಪಿನದು ತನ್ನಿ. ನಾಲ್ಕೂ ಚಕ್ರಕ್ಕೆ ಹಾಕಿಸಿ. ಹಿಂದೆ ಮಾತ್ರ ದೊಡ್ಡದು ಹಾಕಿ ಮುಂದೆ ಚಿಕ್ಕದೇ ಬಿಟ್ಟರೆ ಒದ್ದೆ ರಸ್ತೆಯಲ್ಲಿ ಹಿಂದಿನ ಚಕ್ರ ಮೊದಲು ಕಚ್ಚಿಕೊಂಡು ಜೀಪು ಅಡ್ಡ ತಿರುಗುತ್ತದೆ. ಚಾರ್ಮಾಡಿಯ ತಿರುವಿನಲ್ಲಿ ಅಡ್ಡ ತಿರುಗಿದರೆ ಏನಾಗುತ್ತದೆ ಅಂತ ಕೊಟ್ಟಿಗೆಹಾರದವರಿಗೆ ನಾನು ಹೇಳಬೇಕಾ?

ವಿಲ್ಲೀಸ್‌ನ ಎಡಗಡೆ ಚಕ್ರದ ನಟ್ಟು ಎಡ ಮರೆಯದು (ಮರೆ ಅಂದರೆ ನಟ್ಟಿನ ಸುರುಳಿ ಗೆರೆ, ಥ್ರೆಡ್), ಉಲ್ಟಾ ತಿರುಗಿಸಬೇಕು. ಹೊಸ ಹಬ್ ಬಂದ ಮೇಲೆ ಅದು ಮಾಮೂಲಿ ಬಲ ಮರೆ ಆಗಿರಬಹುದು. ಮನೆಯಲ್ಲಿ ಜೀಪು ಮುಟ್ಟುವ ಎಲ್ಲರಿಗೂ ಹೇಳಿಡಿ. ಸ್ಪ್ಯಾನರ್ ಮೇಲೆ ಹತ್ತಿ ಕುಣಿದು ಸ್ಟಡ್ ಮುರಿದವರನ್ನು ನೋಡಿದ್ದೇನೆ.

ಹ್ಯಾಂಡ್‌ಬ್ರೇಕ್ ವಿಷಯ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಅದು ಚಕ್ರದಲ್ಲಿಲ್ಲ, ಮುಂದಿನ ಹಿಂದಿನ ಚಕ್ರಕ್ಕೆ ಬಲ ಹಂಚುವ ಟ್ರಾನ್ಸ್‌ಫರ್ ಕೇಸಿನ ಹಿಂದೆ ಪ್ರೊಪೆಲ್ಲರ್ ಶಾಫ್ಟನ್ನು ಹಿಡಿಯುತ್ತದೆ. ಇಳಿಜಾರಿನಲ್ಲಿ ಕಾಫಿ ಮೂಟೆ ತುಂಬಿ ನಿಲ್ಲಿಸಿದರೆ ಚಕ್ರಕ್ಕೆ ಕಲ್ಲು ಕೊಡಲೇಬೇಕು.

ಪ್ರಶ್ನೆ: ನನ್ನದು 1978ರ ಅಂಬಾಸಡರ್, ಆಮೇಲೆ ಡೀಸೆಲ್ ಎಂಜಿನ್ ಇಳಿಸಿದ್ದು. ಇಸುಜು ಎಂಜಿನ್ನಿನ ಅಂಬಾಸಡರ್‌ನಿಂದ ಮುಂದಿನ ಡಿಸ್ಕ್ ಸೆಟ್, ಬೂಸ್ಟರ್ ಸಮೇತ ತಂದು ಹಾಕಿಸಿದೆ. ಪೆಡಲ್ ಕಲ್ಲಿನ ಹಾಗಿದೆ. ಮೊದಲೇ ಚೆನ್ನಾಗಿತ್ತು ಅನ್ನಿಸುತ್ತಿದೆ.
— ಓದುಗರೊಬ್ಬರು, ಸಕಲೇಶಪುರ

ಉತ್ತರ: ಇಡೀ ಸಂಸಾರ ತಂದಿದ್ದೀರಿ, ಊಟ ಹಾಕಿಲ್ಲ! ಬೂಸ್ಟರಿನ ಊಟ ಅಂದರೆ ವ್ಯಾಕ್ಯೂಮ್. ಇಸುಜು ಪೆಟ್ರೋಲ್ ಎಂಜಿನ್ನಿನಲ್ಲಿ ಅದು ಗಾಳಿ ಒಳಗೆ ಹೋಗುವ ಇನ್‌ಟೇಕ್ ಮ್ಯಾನಿಫೋಲ್ಡಿನಿಂದಲೇ ಸಿಗುತ್ತದೆ. ಡೀಸೆಲ್ಲಿನಲ್ಲಿ ಗಾಳಿಯನ್ನು ತಡೆಯುವ ಕಾರ್ಬುರೇಟರ್ ಬಾಗಿಲೇ ಇಲ್ಲ, ಹಾಗಾಗಿ ಮ್ಯಾನಿಫೋಲ್ಡಿನಲ್ಲಿ ವ್ಯಾಕ್ಯೂಮೂ ಇಲ್ಲ. ಬೇರೆ ಪಂಪ್ ಬೇಕು. ಆಲ್ಟರ್ನೇಟರಿನ ಬೆನ್ನಿಗೇ ಪಂಪ್ ಕೂರಿಸಿದ ಡೀಸೆಲ್ ಗಾಡಿಗಳಿವೆ, ಅಂಥದ್ದು ಹುಡುಕಿ. ಪರೀಕ್ಷೆ ಸುಲಭ: ಎಂಜಿನ್ ಆಫ್ ಮಾಡಿ ನಾಲ್ಕೈದು ಸಲ ಪೆಡಲ್ ಒತ್ತಿ, ಒತ್ತಿಕೊಂಡೇ ಸ್ಟಾರ್ಟ್ ಮಾಡಿ. ಪೆಡಲ್ ಕಾಲ ಕೆಳಗೆ ತುಸು ಇಳಿಯಬೇಕು. ಇಳಿಯಲಿಲ್ಲ ಅಂದರೆ ಬೂಸ್ಟರ್ ಉಪವಾಸ. ಅದು ಸರಿಯಾಗುವ ತನಕ ಶಿರಾಡಿ ಇಳಿಯಬೇಡಿ.

ಪೈಪಿನ ನಟ್ಟುಗಳನ್ನೂ ಒಮ್ಮೆ ನೋಡಿಸಿ. ಹಳೆ ಅಂಬಾಸಡರ್ ಇಂಚಿನ ಮರೆ, ಈಚಿನ ಭಾಗಗಳಲ್ಲಿ ಮಿಲಿಮೀಟರ್ ಮರೆ ಇರಬಹುದು. 3/8 ಇಂಚಿನ ನಟ್ಟು 9.5 ಮಿ.ಮೀ., ಇನ್ನೊಂದು 10. ಒಂದರೊಳಗೆ ಒಂದು ಎರಡು ಸುತ್ತು ಹೋಗುತ್ತದೆ, ಆಮೇಲೆ ಬಿಗಿಯುತ್ತದೆ. ಬಿಗಿಯಿತಲ್ಲ ಅಂತ ಸಮಾಧಾನ ಪಟ್ಟುಕೊಂಡರೆ ಜೋರಾಗಿ ಬ್ರೇಕ್ ಹೊಡೆದ ದಿನ ಕಿತ್ತುಕೊಂಡು ಬರುತ್ತದೆ. ತಾಮ್ರದ ಪೈಪು ಬಗ್ಗಿಸೋಕೆ ಸುಲಭ ಅಂತ ಹಾಕಿದ್ದರೆ ಅದನ್ನೂ ತೆಗೆಸಿ, ಅದು ಅಲುಗಾಡಿ ಅಲುಗಾಡಿ ಬಿರುಕು ಬಿಡುತ್ತದೆ. ಸ್ಟೀಲ್ ಪೈಪೇ ಸರಿ.

ಪ್ರಶ್ನೆ: ಬ್ರೇಕ್ ಆಯಿಲ್ ಎಷ್ಟು ದಿನಕ್ಕೆ ಬದಲಾಯಿಸಬೇಕು? ಯಾವುದು?
— ಓದುಗರೊಬ್ಬರು, ಕೊಪ್ಪ

ಉತ್ತರ: ನಮ್ಮ ಕಡೆ ಎರಡು ವರ್ಷಕ್ಕೊಮ್ಮೆ, ಗಾಡಿ ಓಡಲಿ ಬಿಡಲಿ. ಬ್ರೇಕ್ ಆಯಿಲ್ ಗಾಳಿಯಲ್ಲಿನ ತೇವ ಹೀರುತ್ತದೆ, ಕೊಪ್ಪದ ಮಳೆಯಲ್ಲಿ ಅದಕ್ಕೆ ಹಬ್ಬ. ಡಾಟ್ 3 (ಡಾಟ್ ಅನ್ನುವುದು ಡಬ್ಬಿಯ ಮೇಲೆ ಬರೆದಿರುವ ಆಯಿಲಿನ ದರ್ಜೆ) ಹೊಸದಾದಾಗ ಕನಿಷ್ಠ 205 ಡಿಗ್ರಿ ತನಕ ಕುದಿಯಬಾರದು. ನೀರು ಕುಡಿದ ಮೇಲೆ 140ಕ್ಕೇ ಕುದಿಯಬಹುದು. ಡಾಟ್ 4ಕ್ಕೆ ಈ ಲೆಕ್ಕ 230 ಮತ್ತು 155. ಘಾಟಿ ಇಳಿಯುವವರು ಡಾಟ್ 4 ಹಾಕಿ. ಡಾಟ್ 5 ಅಂತ ಬರೆದದ್ದು ಸಿಲಿಕೋನ್, ಅದನ್ನು ಇವುಗಳ ಜೊತೆ ಬೆರೆಸಬೇಡಿ. ಎಂಜಿನ್ ಆಯಿಲ್ ಒಂದು ಹನಿಯೂ ಬೀಳಬಾರದು, ರಬ್ಬರ್ ಎಲ್ಲ ಉಬ್ಬಿ ಹಾಳಾಗುತ್ತದೆ.

ಪ್ರಶ್ನೆ: ಬ್ರೇಕ್ ಬದಲಾಯಿಸಿದರೆ ಆರ್‌ಟಿಓದಲ್ಲಿ ತಕರಾರು ಬರುತ್ತದಾ? ಕಾರು 1968ರ ಫಿಯೆಟ್, ವಿಂಟೇಜ್ ನೋಂದಣಿ ಮಾಡಿಸುವ ಆಸೆ ಇದೆ. ತೆಗೆದ ಡ್ರಮ್ಮುಗಳನ್ನು ಗುಜರಿಗೆ ಹಾಕಲಾ?
— ಓದುಗರೊಬ್ಬರು, ಹಾಸನ

ಉತ್ತರ: ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ, ಆರ್‌ಸಿಯ ವಿವರ ಕಂಪನಿ ಕೊಟ್ಟ ಮೂಲ ವಿವರಕ್ಕಿಂತ ಬೇರೆಯಾಗುವ ಹಾಗೆ ಗಾಡಿ ಬದಲಾಯಿಸುವಂತಿಲ್ಲ. ಆರ್‌ಸಿಯಲ್ಲಿ ಬ್ರೇಕಿನ ಸಾಲು ಇಲ್ಲ ಅಂತ ಸುಮ್ನೆ ಧೈರ್ಯ ಮಾಡಬೇಡಿ. ಮೊದಲೇ ಇನ್‌ಸ್ಪೆಕ್ಟರ್ ಹತ್ತಿರ ಮಾತಾಡಿ, ಇನ್ಶೂರೆನ್ಸ್‌ನವರಿಗೂ ಕಾಗದದಲ್ಲಿ ತಿಳಿಸಿ. ವಿಂಟೇಜ್ ನಿಯಮ 2021ರಲ್ಲಿ ಬಂತು. ಮೊದಲ ನೋಂದಣಿಯಾಗಿ 50 ವರ್ಷ ದಾಟಿರಬೇಕು, ಚಾಸಿ, ಬಾಡಿ, ಎಂಜಿನ್ ಎಲ್ಲ ಮೂಲ ರೂಪದಲ್ಲೇ ಇರಬೇಕು. ಹೊಸ ನೋಂದಣಿಗೆ ಶುಲ್ಕ 20,000 ರೂಪಾಯಿ, ನಂಬರಿನಲ್ಲಿ ವಿಎ ಅನ್ನುವ ಅಕ್ಷರ ಬರುತ್ತದೆ. ಆದರೆ ಆ ನೋಂದಣಿ ಆದ ಮೇಲೆ ದಿನಾ ಪೇಟೆಗೆ ಓಡಿಸುವಂತಿಲ್ಲ. ಪ್ರದರ್ಶನ, ರ‍್ಯಾಲಿ, ಪೆಟ್ರೋಲ್, ರಿಪೇರಿ ಇಂಥದ್ದಕ್ಕಷ್ಟೇ. ರ‍್ಯಾಲಿಗೆ ಮಾತ್ರ ಹೊರಡುವ ಕಾರಿಗೆ ಡಿಸ್ಕ್ ಯಾಕೆ ಹೇಳಿ? ಡ್ರಮ್ ಚೆನ್ನಾಗಿ ಮಾಡಿಸಿ ಸಾಕು.

ಈಗಾಗಲೇ ತೆಗೆಸಿದ್ದರೆ ಹಳೆಯದನ್ನು ಗುಜರಿಗೆ ಹಾಕಲೇಬೇಡಿ. ಒಳಗಿನ ಧೂಳನ್ನು ಗಾಳಿ ಹೊಡೆದು ಹಾರಿಸಬೇಡಿ, ಹಳೆಯ ಲೈನಿಂಗ್‌ನಲ್ಲಿ ಆಸ್ಬೆಸ್ಟಾಸ್ ಇರುತ್ತದೆ. ಒದ್ದೆ ಬಟ್ಟೆಯಲ್ಲಿ ಒರೆಸಿ. ಆಮೇಲೆ ಗ್ರೀಸ್ ಸವರಿ, ಪೇಪರ್ ಸುತ್ತಿ, ಕಾಫಿ ಗೋಣಿಚೀಲದಲ್ಲಿ ಕಟ್ಟಿ ಅಟ್ಟದ ಮೇಲಿಡಿ. ಎಡದ್ದು ಯಾವುದು, ಬಲದ್ದು ಯಾವುದು ಅಂತ ಪೈಂಟಿನಲ್ಲಿ ಬರೆಯುವುದು ಮರೆಯಬೇಡಿ. ಚೀಟಿ ಅಂಟಿಸಿದರೆ ಜಿರಲೆ ತಿನ್ನುತ್ತದೆ.